ಹುಡುಕುವ ಕಣ್ಣು, ಊಹಿಸುವ ಬಾಯಿ

ಸುಗ್ಗಿಯ ದಿನಗಳಲ್ಲಿ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಅರ್ಧ ಊರೇ ಬಯಲಿನಲ್ಲಿರುತ್ತದೆ. ಕಡಲೆ ಕೀಳುವವರು, ಹತ್ತಿ ಬಿಡಿಸುವವರು, ಹೊಲದಿಂದ ಹೊಲಕ್ಕೆ ಕುರಿ ನಿಲ್ಲಿಸುತ್ತ ಸಾಗುವ ಕುರಿಗಾರರು, ಕಲಘಟಗಿ ಕಡೆ ಕಬ್ಬು ಕಡಿಯಲು ಬಂದು ಗದ್ದೆಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡ ಗ್ಯಾಂಗಿನವರು, ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಯಲ್ಲಮ್ಮನ ಗುಡ್ಡಕ್ಕೆ ಹೊರಟು ದಾರಿಯಲ್ಲಿ ಬೀಡು ಬಿಡುವ ಮನೆಮಂದಿ, ಎಲ್ಲರ ಜೊತೆಗೂ ಸಣ್ಣ ಮಕ್ಕಳಿರುತ್ತವೆ. ಬೇರೆ ದೇಶಗಳಲ್ಲಿ ಜನ ರಜೆಗೆಂದು ಕಾಡಿನಲ್ಲಿ ಟೆಂಟು ಹಾಕುತ್ತಾರೆ. ಇಲ್ಲಿ ದುಡಿಮೆ ಮತ್ತು ಭಕ್ತಿ ಜನರನ್ನು ಬಯಲಿಗೆ ತರುತ್ತವೆ. ಇಂಥ ಬಯಲಿನಲ್ಲಿ ಒಂದು ಸಂಜೆ ‘ಕೂಸು ಕಾಣವಲ್ದು’ ಎಂಬ ಕೂಗು ಎದ್ದರೆ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ. ಕೆಲವರು ಬ್ಯಾಟರಿ ಹಿಡಿದು ಹೊಲ, ಹಳ್ಳದ ಕಡೆ ಓಡುತ್ತಾರೆ. ಉಳಿದವರು ಗುಂಪುಗೂಡಿ ಏನಾಗಿರಬಹುದೆಂದು ಮಾತಾಡತೊಡಗುತ್ತಾರೆ. ಮುಂಜಾನೆ ಬಂದಿದ್ದ ಪಾತ್ರೆ ಮಾರುವವನು, ಅತ್ತೆ–ಸೊಸೆಯ ಜಗಳ, ಆಸ್ತಿಯ ತಕರಾರು ಎಲ್ಲವೂ ಆ ಮಾತಿನೊಳಗೆ ಬರುತ್ತವೆ. ಹತ್ತು ನಿಮಿಷದಲ್ಲಿ ಅದು ಮೊಬೈಲಿಗೆ ಏರುತ್ತದೆ. ಈ ಊಹೆಯನ್ನು ನಾವು ಕಾಳಜಿಯ ಇನ್ನೊಂದು ರೂಪವೆಂದು ತಿಳಿದಿದ್ದೇವೆ. ಆದರೆ ಇದುವರೆಗಿನ ಪ್ರಕರಣಗಳನ್ನು ಒಂದೊಂದಾಗಿ ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಹುಡುಕಾಟಕ್ಕೆ ಬೇಕಾದ ಹೊತ್ತು, ಹೆಜ್ಜೆಗುರುತು ಮತ್ತು ಸಾಕ್ಷಿ, ಈ ಮೂರನ್ನೂ ಊಹೆ ಹಾಳು ಮಾಡುತ್ತದೆ. ಅದಕ್ಕೇ ಮಗು ಕಾಣೆಯಾದ ಮೊದಲ ತಾಸುಗಳಲ್ಲಿ ಯಾರ ಮೇಲೂ ಬೊಟ್ಟು ಮಾಡದಿರುವುದು ಹುಡುಕಾಟದ್ದೇ ಒಂದು ಭಾಗ ಎಂದು ಊರು ಒಪ್ಪಿಕೊಳ್ಳಬೇಕು.

ಜನ ಊಹಿಸುವುದು ಕೆಟ್ಟ ಮನಸ್ಸಿನಿಂದಲ್ಲ. ಎಳೆಯ ಜೀವವೊಂದು ಕಣ್ಣೆದುರಿನಿಂದ ಮರೆಯಾಯಿತೆಂದರೆ ಆ ಗೊಂದಲವನ್ನು ಯಾರ ಮನಸ್ಸೂ ಬಹಳ ಹೊತ್ತು ತಾಳದು. ಯಾರೋ ಒಬ್ಬರು ಇದನ್ನು ಮಾಡಿದ್ದಾರೆ ಎಂದುಕೊಂಡ ಕ್ಷಣ ಭಯಕ್ಕೆ ಒಂದು ಮುಖ ಸಿಗುತ್ತದೆ, ಸಿಟ್ಟಿಗೆ ಒಂದು ಗುರಿ ಸಿಗುತ್ತದೆ. ಮುಚ್ಚದೆ ಬಿಟ್ಟ ಕೊಳವೆಬಾವಿಗೆ ಮುಖವಿಲ್ಲ. ಕೃಷಿ ಹೊಂಡಕ್ಕೆ, ತುಂಬಿ ಹರಿಯುವ ಕಾಲುವೆಗೆ, ಆಳೆತ್ತರ ಬೆಳೆದ ಗೋವಿನಜೋಳಕ್ಕೆ ದುರುದ್ದೇಶವಿಲ್ಲ. ಹಾಗಾಗಿ ಅವು ಕಥೆಗೆ ಒಗ್ಗುವುದಿಲ್ಲ, ಮಾತಿನಲ್ಲಿ ಹಿಂದೆ ಉಳಿಯುತ್ತವೆ. ಮಗು ಮಾತ್ರ ಅಲ್ಲೇ ಎಲ್ಲೋ ಇರುವ ಸಾಧ್ಯತೆ ಹೆಚ್ಚು. ಧಾರವಾಡ ಜಿಲ್ಲೆಯ ಹಳ್ಳಿಗಳಲ್ಲಿ ಅಪಾಯದ ಜಾಗಗಳು ಯಾವುವೆಂದು ಯಾರೂ ಹೊರಗಿನಿಂದ ಬಂದು ಹೇಳಬೇಕಿಲ್ಲ. ಮಲಪ್ರಭೆಯ ಕಾಲುವೆಗಳು, ಕುಡಿಯುವ ನೀರಿನ ಕೆರೆಗಳು, ಎಲ್ಲೋ ಮೇಲ್ಗಡೆ ಮಳೆಯಾದರೆ ಇದ್ದಕ್ಕಿದ್ದಂತೆ ಉಕ್ಕುವ ಬೆಣ್ಣಿಹಳ್ಳ ಮತ್ತು ತುಪ್ಪರಿಹಳ್ಳ, 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಹೊಂಡಗಳು, ಬಾಯಿ ತೆರೆದ ಹಾಳು ಹಗೇವುಗಳು, ಕಲಘಟಗಿಯ ಪಶ್ಚಿಮಕ್ಕೆ ಶುರುವಾಗುವ ಕಾಡು. ಇವುಗಳಲ್ಲಿ ಒಂದೊಂದನ್ನೂ ಮೊದಲ ತಾಸಿನಲ್ಲೇ ನೋಡಿ ಮುಗಿಸಲು ಊರಿನಲ್ಲಿ ಸಾಕಷ್ಟು ಜನರಿರುತ್ತಾರೆ. ಅವರೆಲ್ಲ ಕಟ್ಟೆಯ ಮೇಲೆ ಕೂತು ಮೊಬೈಲು ನೋಡುತ್ತಿದ್ದರೆ ಆ ತಾಸು ಕೈ ಜಾರುತ್ತದೆ.

ಸಣ್ಣ ಮಕ್ಕಳು ದಾರಿ ತಪ್ಪಿದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಹಲವು ದೇಶಗಳ ಹುಡುಕಾಟದ ತಂಡಗಳು ದಶಕಗಳಿಂದ ಬರೆದಿಟ್ಟುಕೊಂಡು ಬಂದಿವೆ. ಮೂರು ವರ್ಷದೊಳಗಿನ ಮಗುವಿಗೆ ತಾನು ಕಳೆದುಹೋಗಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಅದು ಗುರಿಯಿಲ್ಲದೆ ನಡೆಯುತ್ತದೆ, ದಣಿದಾಗ ಪೊದೆಯ ಅಡಿಯಲ್ಲೋ ಬಣವೆಯ ಸಂದಿನಲ್ಲೋ ಹೊಕ್ಕು ಮಲಗಿಬಿಡುತ್ತದೆ, ಕೂಗಿದರೂ ಓಗೊಡುವುದಿಲ್ಲ. ನಾಲ್ಕೈದು ವರ್ಷದ್ದಾದರೆ ಕರುವಿನ ಹಿಂದೆಯೋ ನಾಯಿಮರಿಯ ಹಿಂದೆಯೋ ಹೋಗುತ್ತದೆ, ಗುರುತಿಲ್ಲದವರು ಕೂಗುತ್ತ ಬಂದರೆ ಹೆದರಿ ಅಡಗುತ್ತದೆ. ಒಮ್ಮೆ ನೋಡಿದ ಜಾಗವನ್ನೇ ಮತ್ತೆ ನೋಡಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ. 2022ರ ಏಪ್ರಿಲ್ ಕೊನೆಯಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಜಾಂಬೋಟಿ ಭಾಗದಲ್ಲಿ ಅಜ್ಜಿಯ ಊರಿಗೆ ಬಂದಿದ್ದ ನಾಲ್ಕು ವರ್ಷದ ಹುಡುಗಿಯೊಬ್ಬಳು ಆಡುತ್ತ ಆಡುತ್ತ ಕಾಣೆಯಾದಳು. ಸುತ್ತ ಇರುವುದು ಪಶ್ಚಿಮಘಟ್ಟದ ದಟ್ಟ ಕಾಡು. ಇಷ್ಟು ಚಿಕ್ಕ ಮಗು ತಾನಾಗಿ ದೂರ ಹೋಗಲಾರದು, ಯಾರೋ ಎತ್ತಿಕೊಂಡೇ ಹೋಗಿರಬೇಕು ಎಂದು ಯಾರಿಗಾದರೂ ಅನ್ನಿಸುವ ಸಂದರ್ಭ ಅದು. ಆದರೆ ಕಾಡನ್ನು ಬಲ್ಲ ಸ್ಥಳೀಯರು, ಪೊಲೀಸರು, ಅರಣ್ಯ ಇಲಾಖೆಯವರು ಹುಡುಕುವುದನ್ನು ನಿಲ್ಲಿಸಲಿಲ್ಲ. ನಾಲ್ಕನೆಯ ದಿನ ಹುಡುಗಿ ಕಾಡಿನೊಳಗೇ ಸಿಕ್ಕಳು, ನಿತ್ರಾಣವಾಗಿದ್ದರೂ ಜೀವಂತವಾಗಿ. ಎರಡನೆಯ ದಿನವೇ ಎಲ್ಲರೂ ‘ಇದು ಅಪಹರಣ’ ಎಂದು ತೀರ್ಮಾನಿಸಿ ಕಾಡಿಗೆ ಬೆನ್ನು ತಿರುಗಿಸಿದ್ದರೆ ಆ ಮಗುವಿನ ಗತಿ ಏನಾಗುತ್ತಿತ್ತೆಂದು ಯೋಚಿಸಿದರೆ ಸಾಕು, ಅವಸರದ ತೀರ್ಮಾನ ಎಷ್ಟು ದುಬಾರಿ ಎಂಬುದು ಅರ್ಥವಾಗುತ್ತದೆ.

ಊಹೆಯೊಂದು ಇಡೀ ದೇಶವನ್ನು ಆವರಿಸಿ, ನ್ಯಾಯಾಲಯದೊಳಕ್ಕೂ ನುಗ್ಗಿದ ಉದಾಹರಣೆ ಆಸ್ಟ್ರೇಲಿಯಾದ್ದು. 1980ರ ಆಗಸ್ಟ್ 17ರ ರಾತ್ರಿ, ಆ ದೇಶದ ನಟ್ಟನಡುವಿನ ಮರುಭೂಮಿಯಲ್ಲಿರುವ ಉಲೂರು ಎಂಬ ಹೆಬ್ಬಂಡೆಯ ಬಳಿ ಬೀಡು ಬಿಟ್ಟಿದ್ದ ಚೇಂಬರ್ಲೇನ್ ದಂಪತಿಯ ಒಂಬತ್ತು ವಾರದ ಕೂಸು ಅಜಾರಿಯಾ ಟೆಂಟಿನೊಳಗಿಂದ ಕಾಣೆಯಾಯಿತು. ಕಾಡುನಾಯಿ ಡಿಂಗೋ ಟೆಂಟಿನಿಂದ ಹೊರಬಂದದ್ದನ್ನು ನೋಡಿದೆನೆಂದು ತಾಯಿ ಲಿಂಡಿ ಕೂಗಿಕೊಂಡರು. ಆ ನೆಲದ ಮೂಲನಿವಾಸಿಗಳಾದ ಅನಂಗು ಜನರು ಹೆಜ್ಜೆ ಓದುವುದರಲ್ಲಿ ನಿಪುಣರು. ಮರಳಿನ ಮೇಲೆ ಡಿಂಗೋದ ಹೆಜ್ಜೆಗಳನ್ನು ಅವರು ಕಂಡರು, ಅದು ಭಾರವೊಂದನ್ನು ಹೊತ್ತು ನಡೆದಿದೆ ಎಂದು ಗುರುತಿಸಿದರು. 1981ರ ಫೆಬ್ರುವರಿಯಲ್ಲಿ ಮೊದಲ ಮರಣ ವಿಚಾರಣೆ ನಡೆಸಿದ ಅಧಿಕಾರಿಯೂ ತಾಯಿಯ ಮಾತನ್ನೇ ಒಪ್ಪಿದರು. ಗಾಳಿಮಾತು ಎಷ್ಟು ಹಬ್ಬಿತ್ತೆಂದರೆ ಅದನ್ನು ತಡೆಯಲೆಂದು ತಮ್ಮ ತೀರ್ಮಾನವನ್ನು ಟಿ.ವಿ.ಯಲ್ಲಿ ನೇರ ಪ್ರಸಾರ ಮಾಡಿಸಿದರು. ಜನ ಒಪ್ಪಲಿಲ್ಲ. ತಾಯಿ ಕ್ಯಾಮೆರಾ ಮುಂದೆ ಸಾಕಷ್ಟು ಅಳಲಿಲ್ಲ, ಕೂಸಿಗೆ ಕಪ್ಪು ಬಟ್ಟೆ ಹಾಕುತ್ತಿದ್ದಳು, ಅವರ ಧಾರ್ಮಿಕ ಪಂಥ ವಿಚಿತ್ರವಾದದ್ದು, ಮಗುವನ್ನು ಬಲಿ ಕೊಟ್ಟಿರಬೇಕು ಎಂದು ಮಾತು ಬೆಳೆಯಿತು. ಡಿಂಗೋ ಮನುಷ್ಯರ ಕೂಸನ್ನು ಒಯ್ಯುವುದಿಲ್ಲ ಎಂದು ಡಿಂಗೋವನ್ನೇ ನೋಡದ ನಗರವಾಸಿಗಳು ಖಚಿತವಾಗಿ ಹೇಳಿದರು.

ಮುಂದಿನದು ಎಲ್ಲ ಹಳ್ಳಿಗಳೂ ತಿಳಿದಿರಬೇಕಾದ ಸಂಗತಿ. ಊಹೆ ಗಟ್ಟಿಯಾದ ಮೇಲೆ ಸಾಕ್ಷ್ಯವೇ ಅದರ ಆಕಾರಕ್ಕೆ ಬಗ್ಗಿತು. ಚೇಂಬರ್ಲೇನರ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಸಿಡಿದಿದ್ದ ಕಲೆಗಳನ್ನು ಪ್ರಯೋಗಾಲಯ ಎಳೆಗೂಸಿನ ರಕ್ತವೆಂದು ಹೇಳಿತು. 1982ರ ಅಕ್ಟೋಬರ್ 29ರಂದು ಲಿಂಡಿಗೆ ಜೀವಾವಧಿ ಶಿಕ್ಷೆಯಾಯಿತು. ಆಗ ಆಕೆ ತುಂಬು ಗರ್ಭಿಣಿ. ಮುಂದಿನ ತಿಂಗಳು ಬಂಧನದಲ್ಲಿರುವಾಗಲೇ ಹೆತ್ತ ಮಗಳನ್ನು ಆಕೆಯಿಂದ ಬೇರೆ ಮಾಡಲಾಯಿತು. ಕಾರಿನ ಆ ಕಲೆಗಳು ಸದ್ದು ತಗ್ಗಿಸಲೆಂದು ಕಾರ್ಖಾನೆಯಲ್ಲೇ ಸಿಂಪಡಿಸಿದ ಡಾಂಬರಿನಂಥ ಲೇಪ ಎಂಬುದು ಆಮೇಲೆ ಗೊತ್ತಾಯಿತು. 1986ರ ಫೆಬ್ರುವರಿಯಲ್ಲಿ, ಬಂಡೆಯಿಂದ ಬಿದ್ದು ಸತ್ತ ಪ್ರವಾಸಿಯೊಬ್ಬನಿಗಾಗಿ ಹುಡುಕುತ್ತಿದ್ದವರಿಗೆ ಡಿಂಗೋ ಗವಿಗಳಿದ್ದ ಕಡೆ ಒಂದು ಪುಟ್ಟ ಉಣ್ಣೆಯ ಅಂಗಿ ಸಿಕ್ಕಿತು. ಕೂಸು ತೊಟ್ಟಿತ್ತೆಂದು ತಾಯಿ ಮೊದಲ ದಿನದಿಂದ ಹೇಳುತ್ತಿದ್ದುದೂ, ‘ಅಂಥದ್ದೊಂದು ಅಂಗಿಯೇ ಇರಲಿಲ್ಲ’ ಎಂದು ಸರ್ಕಾರಿ ವಕೀಲರು ವಾದಿಸಿದ್ದೂ ಇದೇ ಅಂಗಿಯ ಬಗ್ಗೆ. ಕೆಲವೇ ದಿನಗಳಲ್ಲಿ ಲಿಂಡಿ ಬಿಡುಗಡೆಯಾದರು. 1988ರಲ್ಲಿ ದಂಪತಿಯ ಮೇಲಿನ ತೀರ್ಪು ರದ್ದಾಯಿತು. ಕೂಸನ್ನು ಡಿಂಗೋವೇ ಒಯ್ದದ್ದೆಂದು ಮರಣ ವಿಚಾರಣಾಧಿಕಾರಿಯೊಬ್ಬರು ಅಧಿಕೃತವಾಗಿ ಬರೆಯಲು 2012ರ ಜೂನ್ 12ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಮೂವತ್ತೆರಡು ವರ್ಷ ಸಂದಿತ್ತು. ಹೆಜ್ಜೆ ಓದಬಲ್ಲ ಅನಂಗು ಜನರ ಮಾತಿಗೆ ಮೊದಲೇ ಬೆಲೆ ಕೊಟ್ಟಿದ್ದರೆ ಇಷ್ಟೊಂದು ಬೇಕಿರಲಿಲ್ಲ. ನಮ್ಮಲ್ಲೂ ಕುರಿಗಾರರು, ಗೌಳಿಗರು, ಕಾಡಂಚಿನ ರೈತರು ಇದೇ ಬಗೆಯ ಅರಿವು ಉಳ್ಳವರು. 2021ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಬಳಿ ಚಿರತೆ ಕಂಡು, ಧಾರವಾಡ ತಾಲೂಕಿನ ಕವಲಗೇರಿಯಲ್ಲಿ ಚಿರತೆ ಬೋನಿಗೆ ಬಿದ್ದಾಗ, ನಮ್ಮ ಬಯಲಿಗೂ ಕಾಡುಪ್ರಾಣಿ ಬರುತ್ತದೆಂದು ಪೇಟೆಯವರಿಗೆ ಹೊಸದಾಗಿ ತಿಳಿಯಿತು. ಹೊಲದಲ್ಲಿ ಮಲಗುವವರಿಗೆ ಅದು ಹೊಸದಾಗಿರಲಿಲ್ಲ.

ಆಸ್ಟ್ರೇಲಿಯಾದಲ್ಲಿ ಊಹೆ ತಾಯಿಯ ಕಡೆ ತಿರುಗಿತು. ನಮ್ಮಲ್ಲಿ ಅದು ಹೆಚ್ಚಾಗಿ ತಿರುಗುವುದು ಪರಊರಿನವರ ಕಡೆ. 2018ರ ಬೇಸಿಗೆಯಲ್ಲಿ ‘ಮಕ್ಕಳ ಕಳ್ಳರು ಬಂದಾರಂತ, ಹುಷಾರ’ ಎಂಬ ಸಂದೇಶ ಹರಿದಾಡದ ಹಳ್ಳಿ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟವಿತ್ತು. ಅದರ ಜೊತೆಗಿದ್ದ ವಿಡಿಯೊದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಡೆದದ್ದು ಭಾರತದಲ್ಲೇ ಅಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ಪಾಕಿಸ್ತಾನದ ಕರಾಚಿಯ ಸಂಸ್ಥೆಯೊಂದು ಮಾಡಿಸಿದ ಕಿರುಚಿತ್ರ ಅದು. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ಬಿಟ್ಟು, ಎಚ್ಚರಿಕೆಯ ಬರಹವೊಂದನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ 26 ವರ್ಷದ ಯುವಕನನ್ನು ಗುಂಪು ಕೈಕಾಲು ಕಟ್ಟಿ, ಎಳೆದಾಡಿ ಬಡಿದು ಕೊಂದಿತು. ಅವನಿಗೆ ತಾನು ನಿರಪರಾಧಿ ಎಂದು ಹೇಳಿಕೊಳ್ಳಲು ಕನ್ನಡವೂ ಬರುತ್ತಿರಲಿಲ್ಲ.

ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬೇಕು. ಹೈದರಾಬಾದಿನಿಂದ ಗೆಳೆಯನ ಊರಿಗೆ ಬಂದಿದ್ದ ಕೆಲವರು ಕಾರಿನಲ್ಲಿ ಸುತ್ತಾಡಲು ಹೊರಟು ತಾಂಡಾವೊಂದರ ಶಾಲೆಯ ಬಳಿ ನಿಂತರು. ಅವರಲ್ಲೊಬ್ಬ ಕತಾರ್ ದೇಶದವನು. ಅಲ್ಲಿಂದ ತಂದಿದ್ದ ಚಾಕೊಲೇಟನ್ನು ಮಕ್ಕಳಿಗೆ ಹಂಚಿದರು. ನೋಡಿದವರಿಗೆ ಮೊಬೈಲಿನಲ್ಲಿ ಬಂದಿದ್ದ ಸಂದೇಶ ನೆನಪಾಯಿತು. ವಾಗ್ವಾದ ಶುರುವಾಯಿತು, ಯಾರೋ ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು, ಹೆದರಿದ ಇವರು ಕಾರು ಓಡಿಸಿದರು. ಕಾರಿಗಿಂತ ಮೊದಲು ವಿಡಿಯೊ ಮುರ್ಕಿ ತಲುಪಿತ್ತು. ಅಲ್ಲಿನವರು ರಸ್ತೆಗೆ ಅಡ್ಡ ಹಾಕಿದರು, ಕಾರು ತಗ್ಗಿಗೆ ಉರುಳಿತು, ಗುಂಪು ಮುಗಿಬಿತ್ತು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟಾಯಿತು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಅವನಿಗೂ ಒಬ್ಬ ಸಣ್ಣ ಮಗನಿದ್ದ. ಈ ಇಡೀ ಪ್ರಕರಣದಲ್ಲಿ ಒಂದೇ ಒಂದು ಮಗು ಕಾಣೆಯಾಗಿರಲಿಲ್ಲ. ಊರಿನ ಮಕ್ಕಳನ್ನು ಒಮ್ಮೆ ಎಣಿಸಿ ನೋಡಿದ್ದರೆ ಅದು ಗೊತ್ತಾಗುತ್ತಿತ್ತು.

ಈ ಭಯದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದ ವಾರದ ಸಂತೆಯಲ್ಲಿ ಐವರನ್ನು ಕೊಂದರು. ಅವರು ಭಿಕ್ಷೆ ಬೇಡುತ್ತ ಊರೂರು ತಿರುಗುವ ಡವರಿ ಗೋಸಾವಿ ಸಮುದಾಯದವರು. ಅವರಲ್ಲಿ ಹೆಚ್ಚಿನವರ ಮೂಲ, ಬಸವಣ್ಣನವರು ಕರಣಿಕರಾಗಿದ್ದ ಮಂಗಳವೇಢೆಯ ತಾಲೂಕು, ನಮ್ಮ ವಿಜಯಪುರದ ಗಡಿಗೆ ತಾಗಿದ ನೆಲ. ಧಾರವಾಡದ ಹಳ್ಳಿಗಳಿಗೆ ಇಂಥ ಅಲೆಮಾರಿಗಳು ಹೊಸಬರಲ್ಲ. ವಂಶಾವಳಿ ಹೇಳುವ ಹೆಳವರು, ನಸುಕಿನಲ್ಲಿ ಶಕುನ ನುಡಿಯುವ ಬುಡಬುಡಿಕೆಯವರು, ದುರುಗಮುರುಗಿಯವರು, ಸುಡುಗಾಡು ಸಿದ್ಧರು, ಹಗಲುವೇಷದವರು ತಲೆಮಾರುಗಳಿಂದ ಸುಗ್ಗಿಗೆ ಬಂದು, ಊರ ಹೊರಗೆ ಜೋಪಡಿ ಹಾಕಿ, ಕಾಳುಕಡಿ ಪಡೆದು ಹೋಗುತ್ತಿದ್ದವರು. ಅವರ ಬರವಿಗೆ ಊರು ಕಾಯುತ್ತಿತ್ತು. ಈಗ ಅದೇ ಜೋಳಿಗೆ, ಅದೇ ವೇಷ ಅನುಮಾನಕ್ಕೆ ಕಾರಣವಾಗಿದೆ. ಅವರ ಹೆಂಡರು ಮಕ್ಕಳೂ ಬಯಲಿನ ಗುಡಿಸಲಲ್ಲೇ ಮಲಗುತ್ತಾರೆ. ನಾಳೆ ಅವರದೇ ಕೂಸು ಕಾಣೆಯಾದರೆ ಯಾವ ಧೈರ್ಯದಿಂದ ಅವರು ನಮ್ಮ ಊರಿಗೆ ಬಂದು ಕೇಳಬೇಕು? ಬಯಲಿನಲ್ಲಿ ಅತಿ ಹೆಚ್ಚು ಸುತ್ತುವವರು ಅವರೇ ಆದ್ದರಿಂದ ಒಂಟಿ ಮಗುವನ್ನು ಮೊದಲು ಕಾಣುವ ಸಾಧ್ಯತೆಯೂ ಅವರಿಗೇ ಹೆಚ್ಚು. ಅಳುವ ಮಗುವಿನ ಕೈ ಹಿಡಿದರೆ ಹೆಣ ಬೀಳಬಹುದೆಂಬ ಭಯವಿರುವಲ್ಲಿ ಪರಸ್ಥಳದವನು ಮುಖ ತಿರುಗಿಸಿ ಹೋಗುತ್ತಾನೆ. ಮಗುವನ್ನು ಕಾಪಾಡಬಹುದಾಗಿದ್ದ ಒಂದು ಕೈಯನ್ನು ನಾವೇ ಹೀಗೆ ದೂರ ತಳ್ಳುತ್ತೇವೆ.

ಇದಕ್ಕೆ ಬರುವ ಮೊದಲ ಆಕ್ಷೇಪ ತಂದೆತಾಯಿಗಳದು: ಮಕ್ಕಳ ಕಳ್ಳಸಾಗಣೆ ಸುಳ್ಳೇ? ಎಚ್ಚರವಾಗಿರುವುದು ತಪ್ಪೇ? ಸುಳ್ಳಲ್ಲ, ಎಚ್ಚರವೂ ಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 83,350 ಮಕ್ಕಳು ಕಾಣೆಯಾದ ದೂರುಗಳು ದಾಖಲಾದವು. ಅವರಲ್ಲಿ 62,946 ಹೆಣ್ಣುಮಕ್ಕಳು. ಹಿಂದಿನ ವರ್ಷಗಳ ಬಾಕಿ ಪ್ರಕರಣಗಳೂ ಸೇರಿ ಆ ವರ್ಷ 80,561 ಮಕ್ಕಳು ಪತ್ತೆಯಾದರು. ನಾಲ್ವರಲ್ಲಿ ಮೂವರು ಹೆಣ್ಣುಮಕ್ಕಳು ಎಂಬುದನ್ನು ಗಮನಿಸಿದರೆ ನಿಜವಾದ ಅಪಾಯದ ದಿಕ್ಕು ಕಾಣುತ್ತದೆ. ಕೆಲಸ ಕೊಡಿಸುತ್ತೇನೆ, ಮದುವೆ ಮಾಡಿಕೊಳ್ಳುತ್ತೇನೆ ಎಂದು ನಂಬಿಸಿ ಒಯ್ಯುವವರು, ಮನೆಯೊಳಗಿನ ಹಿಂಸೆ ತಾಳದೆ ಓಡಿಹೋಗುವ ಹುಡುಗಿಯರು, ಪರಿಚಯದವರೇ ಮಾಡುವ ಮೋಸ, ಇವು ಅಲ್ಲಿ ದೊಡ್ಡ ಪಾಲು ಪಡೆಯುತ್ತವೆ. ಚೀಲ ಹೊತ್ತು ಬರುವ ಅಪರಿಚಿತನನ್ನೇ ನೋಡುತ್ತ ನಿಂತ ಊರಿಗೆ ಹುಡುಗಿಯನ್ನು ಬಸ್ಸು ಹತ್ತಿಸುವ ಪರಿಚಿತ ದಲ್ಲಾಳಿ ಕಾಣುವುದಿಲ್ಲ. ಎಚ್ಚರ ಬೇಕಾದದ್ದು ಅಲ್ಲಿ. ಅನುಮಾನಾಸ್ಪದವಾದದ್ದು ಕಂಡರೆ 112ಕ್ಕೆ, ಮಕ್ಕಳ ವಿಷಯವಾದರೆ 1098ಕ್ಕೆ ಕರೆ ಮಾಡಬಹುದು. ಆ ಮನುಷ್ಯನನ್ನು ಕೂರಿಸಿ, ನೀರು ಕೊಟ್ಟು, ಪೊಲೀಸರು ಬರುವವರೆಗೆ ಕಾಯಬಹುದು. ಇದರಲ್ಲಿ ಎಚ್ಚರಕ್ಕೆ ಏನೂ ಕೊರತೆಯಾಗುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ಕೆಲವು ಪ್ರಕರಣಗಳಲ್ಲಿ ಹೆತ್ತವರೋ ಹತ್ತಿರದ ನೆಂಟರೋ ತಪ್ಪಿತಸ್ಥರೆಂದು ಸಾಬೀತಾಗಿದೆಯಲ್ಲ, ಹಾಗಿದ್ದಾಗ ಅನುಮಾನ ಪಡುವುದು ಅನ್ಯಾಯವೇ? ಅನುಮಾನಿಸುವುದು ಪೊಲೀಸರ ಕರ್ತವ್ಯ. ಅವರು ಮನೆಯವರನ್ನು ಮೊದಲ ದಿನವೇ ಬೇರೆಬೇರೆಯಾಗಿ ಕೇಳಬೇಕು, ಹೇಳಿಕೆಗಳನ್ನು ಹೋಲಿಸಬೇಕು, ಮೊಬೈಲ್ ಕರೆಗಳ ದಾಖಲೆ ತೆಗೆಸಬೇಕು. ಆ ಕೆಲಸ ಗುಟ್ಟಾಗಿ, ಪರೀಕ್ಷೆಗೆ ನಿಲ್ಲುವಂತೆ ನಡೆಯಬೇಕು. ಊರಿನ ಅನುಮಾನಕ್ಕೆ ಇಂಥ ಯಾವ ಶಿಸ್ತೂ ಇಲ್ಲ. ತಾಯಿ ಅತ್ತರೆ ನಾಟಕ, ಅಳದಿದ್ದರೆ ಕಲ್ಲುಮನಸ್ಸು ಎನ್ನುವ ನಾಲಿಗೆಗೆ ಏನು ಕೊಟ್ಟರೂ ಸಾಕ್ಷಿಯೇ. ಆಘಾತಕ್ಕೆ ಒಬ್ಬೊಬ್ಬರ ದೇಹ ಒಂದೊಂದು ರೀತಿ ಸ್ಪಂದಿಸುತ್ತದೆ. ಕೆಲವರು ಮರಗಟ್ಟುತ್ತಾರೆ, ಕೆಲವರು ಎಲ್ಲರಿಗೂ ಚಹಾ ಮಾಡುತ್ತ ಓಡಾಡುತ್ತಾರೆ. ಅದರಿಂದ ಏನೂ ತಿಳಿಯದು. ಇನ್ನೊಂದು ಹಾನಿಯೂ ಇದೆ. ಊರಿನ ಕಣ್ಣು ತನ್ನ ಮೇಲಿದೆ ಎಂದು ಗೊತ್ತಾದ ತಾಯಿ ತಾನು ಸ್ವಲ್ಪ ಹೊತ್ತು ನಿದ್ದೆಹೋದದ್ದನ್ನೋ, ಮಗುವನ್ನು ಅಕ್ಕನ ಕೈಗೆ ಬಿಟ್ಟು ನೀರಿಗೆ ಹೋದದ್ದನ್ನೋ ಮುಚ್ಚಿಡುತ್ತಾಳೆ. ಆ ಅರ್ಧ ತಾಸಿನ ಸತ್ಯ ಸಿಕ್ಕರೆ ಮಾತ್ರ ಮಗು ಎಷ್ಟು ದೂರ ನಡೆದಿರಬಹುದೆಂದು ಲೆಕ್ಕ ಹಾಕಲು ಸಾಧ್ಯ. ಬೈಗುಳದ ಭಯವಿಲ್ಲದೆ ತಾಯಿ ನಿಜ ಹೇಳುವಂತಿರಬೇಕು. ಹುಡುಕುವವರಿಗೆ ಅದಕ್ಕಿಂತ ಬೆಲೆಯುಳ್ಳ ಸುಳಿವು ಬೇರೊಂದಿಲ್ಲ.

ಮೂರನೆಯದು ವ್ಯವಸ್ಥೆಯ ಮೇಲಿನ ಅಪನಂಬಿಕೆ: ಗದ್ದಲ ಮಾಡದಿದ್ದರೆ ಪೊಲೀಸರು ಬಡವರ ದೂರು ತೆಗೆದುಕೊಳ್ಳುವುದಿಲ್ಲ, ವಾಟ್ಸ್‌ಆ್ಯಪ್‌ನಿಂದಲೇ ಎಷ್ಟೋ ಮಕ್ಕಳು ಸಿಕ್ಕಿವೆ ಎಂಬ ಮಾತು. ಈ ಅಪನಂಬಿಕೆಗೆ ಕಾರಣಗಳಿವೆ. ಆದರೆ ಗದ್ದಲ ಸರಿಯಾದ ಕಡೆ ಆಗಬೇಕು. ಬಚಪನ್ ಬಚಾವೋ ಆಂದೋಲನ ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಮೇ 10ರಂದು ಸ್ಪಷ್ಟವಾಗಿ ಹೇಳಿದೆ: ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ದಾಖಲಾಗಬೇಕು, ಅಪಹರಣ ಅಥವಾ ಕಳ್ಳಸಾಗಣೆ ಇರಬಹುದೆಂಬ ಆರಂಭಿಕ ಗ್ರಹಿಕೆಯೊಂದಿಗೇ ತನಿಖೆ ಶುರುವಾಗಬೇಕು. ‘ನಾಳೆತನಕ ನೋಡೋಣ’ ಎಂದು ಠಾಣೆಯವರು ಹೇಳುವಂತಿಲ್ಲ. ಕಬ್ಬು ಕಡಿಯಲು ಬಂದ ಪರಜಿಲ್ಲೆಯವರಾದರೂ, ಕುರಿಗಾರರಾದರೂ ಈ ಹಕ್ಕು ಅವರಿಗಿದೆ. ಊರಿನ ಹಿರಿಯರು ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿ ಕೈಗೆ ಬರುವವರೆಗೆ ಕೂತರೆ ಅದು ಉಪಕಾರದ ಗದ್ದಲ. ಪೊಲೀಸರು ಅಪಹರಣವೆಂದು ಬರೆದುಕೊಂಡರೆಂಬ ಕಾರಣಕ್ಕೆ ಅಪಹರಣ ಆಗಿಯೇಬಿಟ್ಟಿದೆ ಎಂದು ಜನ ತಿಳಿಯಬಾರದು, ಅಷ್ಟೆ. ಕಾನೂನಿನ ಆ ಗ್ರಹಿಕೆ ಇರುವುದು ತನಿಖೆಯನ್ನು ಚುರುಕುಗೊಳಿಸಲು. ಹೊಲ, ಹಳ್ಳ ಹುಡುಕುವುದನ್ನು ಅದು ನಿಲ್ಲಿಸುವುದಿಲ್ಲ. ಇನ್ನು ಮೊಬೈಲಿನ ವಿಷಯ. ಮಗುವಿನ ಚಹರೆ, ತೊಟ್ಟ ಬಟ್ಟೆಯ ಬಣ್ಣ, ಕೊನೆಗೆ ಕಂಡ ಜಾಗ ಮತ್ತು ಹೊತ್ತು, ಠಾಣೆಯ ನಂಬರು, ಇಷ್ಟಿರುವ ಪೊಲೀಸ್ ಪ್ರಕಟಣೆಯನ್ನು ಎಷ್ಟು ಜನಕ್ಕೆ ಕಳಿಸಿದರೂ ಒಳ್ಳೆಯದೇ. ಮಗು ಸಿಕ್ಕ ಕೂಡಲೇ ಅದನ್ನು ಅಳಿಸಬೇಕು. ‘ಇಂಥವರ ಮೇಲೆ ಅನುಮಾನವಿದೆ’ ಎಂಬ ಒಂದು ಸಾಲು ಸೇರಿದರೆ ಅದು ಮಾಹಿತಿಯಾಗಿ ಉಳಿಯುವುದಿಲ್ಲ. ಸುಳ್ಳು ಸುದ್ದಿಯಿಂದ ಜನರಲ್ಲಿ ಭೀತಿ ಹುಟ್ಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. 2018ರಲ್ಲಿ ಹತ್ಯೆಗಳ ಸರಣಿ ನಡೆದ ಮೇಲೆ ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆ ಮಾತ್ರ ಕಳಿಸುವ ಮಿತಿ ಹಾಕಿತು. ಬೆರಳಿಗೆ ಮಿತಿ ಕಂಪನಿ ಹಾಕಬಹುದು. ಉಳಿದದ್ದು ಬಳಸುವವರ ಕೈಯಲ್ಲಿದೆ.

ಹಾಗಾದರೆ ಕೂಗು ಎದ್ದ ಸಂಜೆ ಊರು ಏನು ಮಾಡಬೇಕು? ಮೊದಲು ಮನೆ, ಅಟ್ಟ, ದನದ ಕೊಟ್ಟಿಗೆ, ಬಣವೆ, ನಿಂತ ಟ್ರ್ಯಾಕ್ಟರು, ಕಾರಿನ ಒಳಗೆ ನೋಡಬೇಕು. ಅದೇ ಹೊತ್ತಿಗೆ ಇಬ್ಬಿಬ್ಬರಂತೆ ನೀರಿರುವ ಪ್ರತಿ ಜಾಗಕ್ಕೂ ಓಡಬೇಕು. ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ನೀರಾವರಿ ನಿಗಮದವರಿಗೆ ಫೋನು ಮಾಡಿ ನೀರು ತಗ್ಗಿಸುವಂತೆ ಕೇಳಬೇಕು. ಮಗುವನ್ನು ಕೊನೆಗೆ ಕಂಡ ಜಾಗದ ಸುತ್ತ ಹಗ್ಗ ಕಟ್ಟಿ ಯಾರೂ ತುಳಿಯದಂತೆ ಒಬ್ಬರನ್ನು ನಿಲ್ಲಿಸಬೇಕು. ಹಸಿ ಎರೆಮಣ್ಣಿನಲ್ಲಿ ಬರಿಗಾಲಿನ ಪುಟ್ಟ ಹೆಜ್ಜೆ ಚೆನ್ನಾಗಿ ಮೂಡುತ್ತದೆ, ನೂರು ಜನ ಒಮ್ಮೆ ನುಗ್ಗಿದರೆ ಅಳಿಸಿಯೂ ಹೋಗುತ್ತದೆ. ಮಗು ತೊಟ್ಟು ಬಿಟ್ಟ, ತೊಳೆಯದ ಅಂಗಿಯೊಂದನ್ನು ಪೊಲೀಸ್ ನಾಯಿಗಾಗಿ ಎತ್ತಿಡಬೇಕು. ಜೋಳ, ಗೋವಿನಜೋಳ, ಕಬ್ಬಿನ ಹೊಲಗಳಲ್ಲಿ ಜನ ಸಾಲಿಗೊಬ್ಬರಂತೆ ನಿಂತು, ಒಟ್ಟಿಗೆ ನಿಧಾನ ನಡೆಯಬೇಕು. ನಡುನಡುವೆ ಎಲ್ಲರೂ ನಿಂತು, ಉಸಿರು ಬಿಗಿಹಿಡಿದು ಆಲಿಸಬೇಕು. ಸದ್ದು ಮಾಡುತ್ತಲೇ ಇರುವ ಗುಂಪಿಗೆ ಮಗುವಿನ ನರಳಿಕೆ ಕೇಳದು. ಕೂಗುವುದಾದರೆ ತಾಯಿಯ, ಅಜ್ಜಿಯ, ಅಕ್ಕನ ದನಿ ಮೈಕಿನಲ್ಲಿ ಹೋಗಲಿ, ಮನೆಯಲ್ಲಿ ಕರೆಯುವ ಮುದ್ದಿನ ಹೆಸರಿನಿಂದ. ಗುಡಿಯದೂ ಮಸೀದಿಯದೂ ಪಂಚಾಯಿತಿಯ ಕಸದ ಗಾಡಿಯದೂ ಧ್ವನಿವರ್ಧಕಗಳು ಇದಕ್ಕೇ ಬಳಕೆಯಾಗಲಿ. ಹುಡುಕಿದ ಹೊಲಗಳನ್ನು ಒಂದು ಹಾಳೆಯಲ್ಲಿ ಗುರುತು ಹಾಕುವ ಒಬ್ಬರು ಇರಲಿ. ಮೈಕಿನಲ್ಲಿ ಯಾರ ಹೆಸರನ್ನೂ ಅನುಮಾನದಿಂದ ಹೇಳಕೂಡದೆಂದು ಮೊದಲೇ ನಿರ್ಧಾರವಾಗಿರಲಿ.

ಇದೆಲ್ಲ ಕೂಗು ಎದ್ದ ಮೇಲೆ ಕಲಿಯುವ ವಿದ್ಯೆಯಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ 2024ರ ಏಪ್ರಿಲ್ 3ರಂದು ತೆರೆದ ಕೊಳವೆಬಾವಿಗೆ ತಲೆಕೆಳಗಾಗಿ ಬಿದ್ದ ಪುಟ್ಟ ಮಗುವನ್ನು ಸುಮಾರು ಇಪ್ಪತ್ತು ತಾಸುಗಳ ಕಾರ್ಯಾಚರಣೆಯ ನಂತರ ಜೀವಂತ ಮೇಲೆತ್ತಿದರು. ಮಗು ಎಲ್ಲಿದೆ ಎಂಬುದು ಬೇಗ ಗೊತ್ತಾದ್ದರಿಂದ ಅದು ಸಾಧ್ಯವಾಯಿತು. ಯಾರಾದರೂ ಆ ಮೊದಲ ತಾಸುಗಳಲ್ಲಿ ಬಾವಿಯ ಬದಲು ಬಸ್‌ಸ್ಟ್ಯಾಂಡಿನಲ್ಲಿ ಕಳ್ಳನನ್ನು ಹುಡುಕಿದ್ದರೆ ಫಲ ಬೇರೆಯಾಗಿರುತ್ತಿತ್ತು. ಕೊಳವೆಬಾವಿಗಳನ್ನು ಮುಚ್ಚುವ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲೂಕುಗಳ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ತೆರೆದ ಬಾವಿ, ಬೋರ್‌ವೆಲ್, ಬೇಲಿಯಿಲ್ಲದ ಕೃಷಿ ಹೊಂಡ, ಹಾಳು ಹಗೇವುಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಬೇಕು. ಸುಗ್ಗಿಗೆ ಬಂದ ಕಬ್ಬಿನ ಗ್ಯಾಂಗು, ಕುರಿಗಾರರು, ಅಲೆಮಾರಿಗಳು ಎಲ್ಲಿ ಬೀಡು ಬಿಟ್ಟಿದ್ದಾರೆ, ಅವರ ಜೊತೆ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಬರೆದುಕೊಂಡರೆ ಆ ಮಕ್ಕಳಿಗೆ ಲಸಿಕೆಯೂ ಸಿಗುತ್ತದೆ, ಊರಿಗೆ ಅವರ ಗುರುತೂ ಆಗುತ್ತದೆ. ಗುರುತಾದವರ ಮೇಲೆ ಗುಂಪು ಸುಲಭವಾಗಿ ಕೈ ಎತ್ತುವುದಿಲ್ಲ. ಹುಡುಕಾಟ ನಡೆಸಲು ಪ್ರತಿ ಊರಿನಲ್ಲಿ ನಾಲ್ಕು ಜನ ಮೊದಲೇ ನಿಗದಿಯಾಗಿರಬೇಕು, ಅವರಲ್ಲಿ ಹೆಜ್ಜೆ ಬಲ್ಲ ಒಬ್ಬ ಗೌಳಿಗನೋ ಕುರಿಗಾರನೋ, ಒಬ್ಬ ಹೆಣ್ಣುಮಗಳು ಇರಬೇಕು. ಊರಿನ ವಾಟ್ಸ್‌ಆ್ಯಪ್ ಗುಂಪು ನಡೆಸುವವರು ಪೊಲೀಸ್ ಪ್ರಕಟಣೆ ಬಿಟ್ಟು ಬೇರೇನನ್ನೂ ಆ ದಿನ ಹಾಕಗೊಡುವುದಿಲ್ಲವೆಂದು ಈಗಲೇ ಮಾತು ಕೊಡಬೇಕು. ದುಡ್ಡು ಖರ್ಚಿಲ್ಲದ ಈ ಸಿದ್ಧತೆಯನ್ನು ಮಾಡಿಟ್ಟುಕೊಂಡ ಊರಿನಲ್ಲಿ, ಮಗು ಕಳೆದುಕೊಂಡ ತಾಯಿ ಯಾರ ಮನೆಯ ಬಾಗಿಲನ್ನಾದರೂ ನಂಬಿಕೆಯಿಂದ ತಟ್ಟಬಹುದು, ದಾರಿಯಲ್ಲಿ ಮಗುವನ್ನು ಕಂಡ ಅಪರಿಚಿತನೂ ಹೆದರದೆ ಅದನ್ನು ಎತ್ತಿಕೊಂಡು ಊರೊಳಗೆ ಬರಬಹುದು. ಮಕ್ಕಳ ಬಗ್ಗೆ ನಮಗಿರುವ ಪ್ರೀತಿ ನಿಜವಾದರೆ ಮುಂದಿನ ಗ್ರಾಮಸಭೆಯಲ್ಲೇ ಈ ವಿಷಯ ಚರ್ಚೆಗೆ ಬರಲಿ.